ಚರಗದ ಹಿಂದಿನ ನಾಯಿ

ಎಳ್ಳಮಾವಾಸ್ಯೆಗೆ ನಮ್ಮ ಶಲವಡಿ ಹೊಲದಲ್ಲಿ ಎರಡು ದಿನ ಡೇರೆ ಹಬ್ಬ ಮಾಡುತ್ತೇವೆಂದು ಹುಬ್ಬಳ್ಳಿಯ ಒಂದು ಗುಂಪು ಬಂದಾಗ ನಮ್ಮ ಕಾಕಾ ಹಿಗ್ಗಿ ಹೀರೇಕಾಯಿಯಾದರು. ಪೇಟೆಯ ಮಂದಿ ಬಯಲಲ್ಲಿ ಡೇರೆ ಹಾಕಿ ಮಲಗುವುದು, ಹಾಡು ಹೇಳುವುದು, ನಾವು ಚರಗ ಚೆಲ್ಲುವುದನ್ನು ನೋಡುವುದು, ನಮ್ಮ ಕೈಯ ಊಟ ಉಣ್ಣುವುದು, ಇಷ್ಟೇ ಹಬ್ಬ. ಎಲ್ಲವೂ ಸರಿ ಇತ್ತು. ಆದರೆ ಅವರ ಮುಖಂಡ, ಕಪ್ಪು ಕನ್ನಡಕದ ಮನುಷ್ಯ, ಒಂದು ನಿಯಮ ಹೇಳಿದ. ಹಬ್ಬದ ಜಾಗದಲ್ಲಿ ನಾಯಿ ಇರಕೂಡದು. ಬರುವವರಲ್ಲಿ ಒಬ್ಬಾಕೆ ತನ್ನ ನಾಯಿ ತರುತ್ತೇನೆಂದು ಹಟ ಹಿಡಿದಿದ್ದಳಂತೆ. ಆಕೆಗೆ ಇಲ್ಲವೆಂದ ಮೇಲೆ ಹೊಲದವರ ನಾಯಿಗೂ ಇಲ್ಲ.

"ನಮ್ಮ ನಾಯಿ ಹುಟ್ಟಿದ್ದ ಇಲ್ಲೆರಿ. ಅದರ ಮನಿಗೆ ನೀವು ಬಂದೀರಿ," ಎಂದೆ.

ಕಾಕಾ ನನ್ನ ಕಡೆ ಕಣ್ಣು ಕೆಕ್ಕರಿಸಿದರು. "ಸುಮ್ನಿರಲೇ. ಅವ್ರು ಹೇಳೂದು ಅಗದಿ ಖರೇ ಐತಿ. ಚರಗದ ಹೊತ್ತಿನ್ಯಾಗ ನಾಯಿ ಯಾಕ?"

ಯಾಕೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಚರಗವೆಂದರೆ ಅಮಾವಾಸ್ಯೆಯ ಅಡುಗೆಯ ಮೊದಲ ಪಾಲನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವುದು. ಕಾಕಾ ಬುಟ್ಟಿ ಹಿಡಿದು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚೆಲ್ಲುತ್ತಾರೆ, ನಾನು ತಂಬಿಗೆಯಿಂದ ನೀರು ಚಿಮುಕಿಸುತ್ತ ಅವರ ಬೆನ್ನಿಗೆ ಹೋಗುತ್ತೇನೆ. ಚೆಲ್ಲುವವರು ಹಿಂದೆ ನೋಡಬಾರದು, ನೋಡಿದರೆ ತಾಯಿ ನಾಚಿ ಊಟ ಬಿಡುತ್ತಾಳೆ ಎಂಬುದು ನಮ್ಮ ಮನೆಯ ನಂಬಿಕೆ. ನೀರಿನವನಿಗೆ ಈ ಕಟ್ಟಳೆ ಇಲ್ಲ. ಹಾಗಾಗಿ ವರ್ಷ ವರ್ಷವೂ ನಾನು ಕಣ್ಣಾರೆ ಕಂಡಿದ್ದೆ: ನಮ್ಮ ಕರಿ ನಾಯಿ ಬಾಲ ಮೇಲೆತ್ತಿಕೊಂಡು, ಶೇಂಗಾ ಹೋಳಿಗೆ, ಸಜ್ಜೆ ಕಡುಬು ಒಂದೂ ಬಿಡದೆ ನುಂಗುತ್ತ ನನ್ನ ಹಿಂದೆ ಬರುತ್ತಿತ್ತು. ಪುಂಡಿ ಪಲ್ಯವನ್ನು ಮಾತ್ರ ಮೂಸಿ, ಸೀನಿ, ಮುಂದೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಕಾಕಾ ಹೊಲ ಸುತ್ತಿ ಬಂದು ಹೆಂಡತಿಗೆ, ನಮ್ಮ ಕಾಕುವಿಗೆ, ಸುದ್ದಿ ಹೇಳುವರು. "ನಮ್ಮವ್ವ ಭೂಮಿತಾಯಿ ಒಂದ ಅಗಳ ಉಳಿಸಿಲ್ಲ ನೋಡು. ಆದ್ರ ಪುಂಡಿ ಪಲ್ಯ ಮುಟ್ಟಿಲ್ಲ. ಆಕಿಗೆ ಹುಳಿ ಸೇರಂಗಿಲ್ಲ." ಇದನ್ನು ಕೇಳಿ ಕೇಳಿ ಕೊನೆಗೆ ಕಾಕು ಚರಗದ ಬುಟ್ಟಿಗೆ ಪುಂಡಿ ಪಲ್ಯ ಹಾಕುವುದನ್ನೇ ಬಿಟ್ಟರು. ನಾಯಿಯ ನಾಲಿಗೆ ನೋಡಿ ಭೂಮಿತಾಯಿಗೆ ಅಡುಗೆ ಮಾಡಿದ ಮನೆ ನಮ್ಮದು. ನನಗೆ ಒಳಗೊಳಗೇ ನಗು, ಆದರೆ ಹೇಳಲು ಬಾಯಿ ಬರಲಿಲ್ಲ. ಆ ಒಂದು ಬೆಳಗಿನ ಖುಷಿಗಾಗಿ ಕಾಕಾ ವರ್ಷವೆಲ್ಲ ಕಾಯುತ್ತಿದ್ದರು. ನನಗೋ ಕಾಕಾ ಎಂದರೆ ಜೀವ.

ಆದ್ದರಿಂದ ನಾಯಿಯ ಪರ ವಕಾಲತ್ತಿಗೆ ನಿಂತೆ. ಹಾವು ಬಂದೀತು, ಹಂದಿ ನುಗ್ಗೀತು, ಡೇರೆಯ ಸುತ್ತ ನರಿ ಸುಳಿದೀತು ಎಂದೆಲ್ಲ ಹೆದರಿಸಿದೆ. ಕನ್ನಡಕದವನು ಹೆದರುವುದು ಬಿಟ್ಟು, ನರಿ ಎಷ್ಟು ಹೊತ್ತಿಗೆ ಬರುತ್ತದೆ, ಫೋಟೊ ತೆಗೆಯಬೇಕು ಎಂದ. ಕಾಕಾ ತಾವೇ ನಾಯಿಯನ್ನು ಗುಡಿಸಲಿಗೆ ಒಯ್ದು ಕಟ್ಟಿದರು.

ಚರಗ ಭರ್ಜರಿಯಾಯಿತು. ಮಂದಿ ಮೊಬೈಲು ಹಿಡಿದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಅವರನ್ನು ಕಂಡು ಹುರುಪೇರಿದ ಕಾಕಾ ಪ್ರತಿ ವರ್ಷಕ್ಕಿಂತ ಎರಡು ಪಟ್ಟು ಚೆಲ್ಲಿದರು. ಸಾಲದ್ದಕ್ಕೆ ಸವಾಲು ಬೇರೆ: "ನಾಳಿ ಮುಂಜಾನಿ ಬಂದ ನೋಡ್ರಿ. ಒಂದ ಅಗಳ ಉಳದಿದ್ರ ನನ್ನ ಕೇಳ್ರಿ!"

ಕಡುಬುಗಳು ಬಿದ್ದಲ್ಲೇ ಬಿದ್ದಿದ್ದವು. ನಾಲ್ಕು ಕಾಗೆ ಬಂದವು, ಡೇರೆಯವರ ಡೋಲಿನ ಸದ್ದಿಗೆ ಬೆದರಿ ಅವೂ ಹೋದವು. ನಾಳೆ ಇಷ್ಟು ಜನರ ಮುಂದೆ ಕಾಕಾರ ಮುಖ ಸಣ್ಣದಾಗುವುದನ್ನು ನಾನು ನೋಡಲಾರೆ ಅನ್ನಿಸಿತು.

ಹೊತ್ತು ಇಳಿಯುವಾಗ ಡೇರೆಯವರೆಲ್ಲ ಹಾಡಿಗೆ ಕೂತರು. ನಾನು ತಂಬಿಗೆಯಲ್ಲಿ ನೀರು ತುಂಬಿಕೊಂಡು ಮೆಲ್ಲಗೆ ಎದ್ದೆ. ತಂಬಿಗೆ ಹಿಡಿದು ಹೊಲದ ಕಡೆ ಹೊರಟವನನ್ನು ನಮ್ಮ ಸೀಮೆಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕನ್ನಡಕದವನೂ ಸಂಕೋಚದಿಂದ ಆ ಕಡೆ ಮುಖ ತಿರುಗಿಸಿದ.

ಗುಡಿಸಲಲ್ಲಿ ಹಗ್ಗವಿತ್ತು, ನಾಯಿ ಇರಲಿಲ್ಲ. ಕಣ್ಣೆತ್ತಿ ನೋಡಿದರೆ ಹೊಲದ ಆಚೆ ಬದಿಯಲ್ಲಿ ಕಾಕಾ ಖಾಲಿ ಬುಟ್ಟಿ ಹಿಡಿದು, ನೆಟ್ಟಗೆ ಮುಂದೆ ನೋಡುತ್ತ, ಮಧ್ಯಾಹ್ನ ಚೆಲ್ಲಿದ ದಾರಿಯಲ್ಲೇ ನಡೆದಿದ್ದರು. ಅವರ ಹಿಂದೆ ಕರಿ ನಾಯಿ, ಬಾಲ ಮೇಲೆತ್ತಿಕೊಂಡು.

ಓಡಿಹೋಗಿ, "ಕಾಕಾ, ನಾಯಿ..." ಎಂದೆ.

"ಯಾವ ನಾಯಿ? ಚರಗದಾಗ ನಾ ಎಂದಾದ್ರೂ ಹಿಂದ ನೋಡೇನೇನಲೇ?"

ಎಷ್ಟು ವರ್ಷದಿಂದ ಗೊತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತಂಬಿಗೆಯ ನೀರು ಚಿಮುಕಿಸುತ್ತ ಬೆನ್ನಿಗೆ ಬಿದ್ದೆ. ತುಸು ದೂರ ಹೋದ ಮೇಲೆ ಕಾಕಾ ಮುಂದೆ ನೋಡುತ್ತಲೇ ದನಿ ತಗ್ಗಿಸಿ ಹೇಳಿದರು:

"ಇಲ್ಲಿ ಜ್ವಾಳದ ಬುಡಕ ಒಂದ ಕಡಬು ಬಿದ್ದೈತಿ. ನಮ್ಮವ್ವಗ ತೋರ್ಸು."