ತಾಲೀಮಿನ ಕಾಯಿ

ಸಡಾ ಗುಡ್ಡದ ಬಾಳಮ್ಮನನ್ನು ನಾನು ಮೊದಲು ಕಂಡಾಗ ಆಕೆಯ ಎರಡೂ ಕೈಗೆ ಮೊಣಕೈತನಕ ಗ್ರೀಸು ಮೆತ್ತಿತ್ತು. ಆಮೇಲೆ ಹದಿನಾಲ್ಕು ವರ್ಷ ಕಂಡದ್ದೂ ಹೆಚ್ಚುಕಡಿಮೆ ಹಾಗೆಯೇ. ಗೋವಾದ ಜುವಾರಿ ನದಿಯ ದಂಡೆಯ ಒಂದು ಹಡಗು ಕಾರ್ಖಾನೆಯಲ್ಲಿ, ಹೆಸರು ಬೇಡ, ನಾನು ಗೇಟಿನ ಪಕ್ಕದ ಕೋಣೆಯಲ್ಲಿ ಹಾಜರಿ ಬರೆಯುವ ಗುಮಾಸ್ತ. ಆಕೆ ಗುತ್ತಿಗೆಯ ಕೂಲಿ. ತುಕ್ಕು ಕೆರೆಯುವುದು, ಕಸ ಗುಡಿಸುವುದು, ಹೊಸ ಹಡಗು ಜಾರಿ ನೀರಿಗಿಳಿಯುವ ಮರದ ಹಳಿಗಳಿಗೆ ಮೇಣ, ಗ್ರೀಸು ಬಳಿಯುವುದು ಆಕೆಯ ಕೆಲಸ.

ಊರು ಸಿಂದಗಿ ತಾಲ್ಲೂಕಿನದು. ೧೯೮೧ರಲ್ಲಿ ಗಂಡನ ಹಿಂದೆ ಬಂದಳು. ಗಂಡ ಮುರಗಾಂವ ಬಂದರಿನಲ್ಲಿ ಅದಿರು ತುಂಬುತ್ತಿದ್ದ. ಮೂರನೆಯ ಮಳೆಗಾಲದಲ್ಲಿ ಅದಿರು ಸಾಗಿಸುವ ಬಾರ್ಜಿನಿಂದ ಕಾಲು ಜಾರಿ ನೀರಿಗೆ ಬಿದ್ದು ಸತ್ತ. ಊರಿನಿಂದ ಭಾವ ಬಂದು ಕರೆದರೂ ಈಕೆ ಹೋಗಲಿಲ್ಲ.

"ಅಲ್ಲಿ ಹೋದ್ರ ಮೂಲ್ಯಾಗ ಕುಂದರಸ್ತಾರ್ರಿ" ಎಂದಿದ್ದಳು ನನಗೆ. "ಎದುರಿಗಿ ಬರಬ್ಯಾಡ, ಮದವ್ಯಾಗ ನಿಲ್ಲಬ್ಯಾಡ. ಇಲ್ಲಿ ದುಡಿಯಾಕರ ಯಾರೂ ಬ್ಯಾಡ ಅನ್ನೂದಿಲ್ಲ."

ಬಳೆ ಇಲ್ಲದ ಕೈ ಗ್ರೀಸಿನ ಡಬ್ಬಿಗೆ ಅನುಕೂಲ ಎಂದು ತಾನೇ ನಗುತ್ತಿದ್ದಳು. ಆ ನಗು ನನಗೆ ಹಿಡಿಸುತ್ತಿರಲಿಲ್ಲ, ಆದರೂ ಜೊತೆಗೆ ನಗುತ್ತಿದ್ದೆ.

೧೯೮೯ರಲ್ಲಿ ನಮ್ಮಲ್ಲಿ ನೌಕಾಪಡೆಗೊಂದು ಕ್ಷಿಪಣಿ ಹಡಗಿನ ಒಡಲು ಸಿದ್ಧವಾಯಿತು. ಮುಂದೆ ಅದರ ಎರಡೂ ಮಗ್ಗುಲಿಗೆ ದೊಡ್ಡ ಕೊಳವೆಗಳನ್ನು ಕೂಡಿಸುವವರಿದ್ದರು. ಅವುಗಳಿಂದ ಹೊರಟ ಕ್ಷಿಪಣಿ ಅಲೆಗಳಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ, ಕಣ್ಣಿಗೆ ಕಾಣದ ದೂರದಲ್ಲಿರುವ ಶತ್ರುವಿನ ಹಡಗನ್ನು ತಾನೇ ಹುಡುಕಿ ಹೊಡೆಯುತ್ತದಂತೆ. ಇಷ್ಟೆಲ್ಲ ಬಲ್ಲ ಹಡಗೂ ತೆಂಗಿನಕಾಯಿ ಒಡೆಯದೆ ನೀರಿಗಿಳಿಯುವುದಿಲ್ಲ. ನೌಕಾಪಡೆಯ ಸಂಪ್ರದಾಯದಲ್ಲಿ ಹಡಗು ಹೆಣ್ಣು, ಅದನ್ನು ನೀರಿಗೆ ಬಿಡುವುದೂ ಹೆಣ್ಣಿನ ಕೈ. ದೊಡ್ಡ ಅಧಿಕಾರಿಯೊಬ್ಬರ ಹೆಂಡತಿ ಬಂದು, ವೇದಮಂತ್ರ ಹೇಳಿಸಿ, ಹಡಗಿನ ಮೂತಿಗೆ ಕಾಯಿ ಒಡೆಯಬೇಕೆಂದು ನಿಶ್ಚಯವಾಗಿತ್ತು.

ಹಿಂದಿನ ದಿನ ತಾಲೀಮು. ನೌಕಾಪಡೆಯವರು ತಾಲೀಮಿಲ್ಲದೆ ಸೀನುವುದೂ ಇಲ್ಲ. ಆ ಅಮ್ಮನವರ ಜಾಗದಲ್ಲಿ ನಿಲ್ಲಲು ಒಬ್ಬ ಹೆಂಗಸು ಬೇಕೆಂದು ಕಮಾಂಡರ್ ಸಾಹೇಬರು ಗಡಿಯಾರ ಹಿಡಿದು ಕೇಳಿದರು. ಸುತ್ತ ಇದ್ದವರೆಲ್ಲ ಗಂಡಸರು. "ಬಾಳಮ್ಮ ಇದ್ದಾಳೆ" ಎಂದವನು ನಾನೇ. ಆಕೆ ವಿಧವೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬರೀ ತಾಲೀಮು ತಾನೆ ಎನ್ನುತ್ತಿದ್ದೆ.

ಆಕೆ ಕೈ ತೊಳೆದು ಸೆರಗು ಹೊದ್ದು ವೇದಿಕೆ ಹತ್ತಿದಳು. ಸಾಹೇಬರ ಹಿಂದಿಯನ್ನು ನಾನು ಕನ್ನಡದಲ್ಲಿ ಹೇಳಿದೆ: ಹತ್ತು ಹೆಜ್ಜೆ ನಡಿ, ಕಾಯಿ ಎತ್ತು, ಮೂತಿಯ ತನಕ ಒಯ್ಯಿ, ಮತ್ತೆ ಇಳಿಸಿ ತಟ್ಟೆಯಲ್ಲಿಡು, ಒಡೆಯಬೇಡ. ಆದರೆ ಎಲ್ಲ ನಾಳೆಯಂತೆಯೇ ಇರಲೆಂದು ಬಡಗಿಗಳು ಹಡಗಿಗೆ ಚೆಂಡುಹೂವಿನ ಮಾಲೆ ಹಾಕಿದ್ದರು, ಊದುಬತ್ತಿ ಹಚ್ಚಿದ್ದರು, ಕಾಯಿಗೆ ಅರಿಸಿನ ಕುಂಕುಮವನ್ನೂ ಬಳಿದಿದ್ದರು. ಬಾಳಮ್ಮ ಕಾಯಿ ಎತ್ತಿದಳು. "ಬಸ್, ನೀಚೆ" ಎಂದರು ಸಾಹೇಬರು. ಕೈ ಇಳಿಯಲಿಲ್ಲ. ಆಕೆ ಒಮ್ಮೆ ಮಾಲೆಯನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಫಟ್ಟೆಂದು ಸದ್ದಾಗಿ, ಕಾಯಿನೀರು ಹೊಸ ಬಣ್ಣದ ಮೇಲೆ ಹರಿಯಿತು.

ನಮ್ಮ ಕಡೆ ಪೂಜೆಗೆ ಎತ್ತಿದ ಕಾಯಿಯನ್ನು ಒಡೆಯದೆ ಕೆಳಗಿಡುವುದಿಲ್ಲ. ದೇವರಿಗೆ ಕೊಟ್ಟು ಕಸಿದುಕೊಂಡ ಹಾಗೆ. ಗಂಡ ಸತ್ತವಳು ಶುಭಕಾರ್ಯದ ಕಾಯಿ ಒಡೆಯುವುದೂ ಇಲ್ಲ. ಯಾವುದನ್ನು ಮುರಿದರೂ ತಪ್ಪು ಎಂಬಲ್ಲಿಗೆ ಆಕೆಯನ್ನು ಹತ್ತಿಸಿ ನಿಲ್ಲಿಸಿದ್ದೆವು. ಸಾಹೇಬರಿಗೆ ಇದೊಂದೂ ತಿಳಿಯದೆ, ಇನ್ನೊಂದು ಕಾಯಿ ತರಿಸಿ ಎಂದು ನಕ್ಕರು.

ಮಾನಪ್ಪ ನಗಲಿಲ್ಲ. ಹಡಗಿನಡಿ ಬೆಣೆ ಬಿಡಿಸುವ ಹನ್ನೆರಡು ಜನರಿಗೆ ಆತ ಮುಂದಾಳು, ಎಲ್ಲರೂ ನಮ್ಮ ಸೀಮೆಯವರೇ. ಹಡಗು ಇಳಿಯುವ ಮುಂಜಾನೆ ಇವರು ಅದರ ಹೊಟ್ಟೆಯಡಿ ಬಗ್ಗಿ ಹೋಗಿ, ಅದನ್ನು ಹೊತ್ತು ನಿಂತ ದಿಮ್ಮಿಗಳ ಬೆಣೆಗಳನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬೇಕು. ತಲೆಯ ಮೇಲೆ ಮುನ್ನೂರು ಟನ್ ಕಬ್ಬಿಣ. ಅವರ ಅಂಜಿಕೆ ಪೊಳ್ಳೆಂದು ಫ್ಯಾನಿನಡಿ ಕೂತು ಹಾಜರಿ ಬರೆಯುವ ನಾನು ಹೇಳಲಾರೆ.

"ಗಂಡ ಸತ್ತಾಕಿ ಕೈಲೆ ಕಾಯಿ ಒಡಿಸೀರಿ" ಎಂದ ಮಾನಪ್ಪ. "ನಾಳಿ ನಮ್ಮ ಹೆಂಡರೂ ಹಂಗ ಆಗಬೇಕೇನು? ನಾವು ಕೆಳಗ ಹೋಗೂದಿಲ್ರಿ."

"ಎತ್ತಿದ ಕಾಯಿ ಇಳಿಸಿದ್ರ ನಿಮ್ಮ ಮ್ಯಾಲ ಬರ್ತಿತ್ತೋ ಯಣ್ಣಾ" ಎಂದಳು ಬಾಳಮ್ಮ. "ಅದಕ್ಕ ಒಡದೀನಿ. ಬರೂದಿದ್ರ ನನ್ನ ಮ್ಯಾಲ ಬರ್ಲಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಲಾಟೆ ಬೇಡವೆಂದು ಗುತ್ತಿಗೆದಾರ ಆಕೆಯ ಗೇಟ್ ಪಾಸು ಕಸಿದುಕೊಂಡು, ನಾಳೆಯಿಂದ ಬರಬೇಡ ಎಂದ. ಪಾಸು ಹೋಯಿತೆಂದರೆ ಕೆಲಸ ಹೋಯಿತು. ಕೆಲಸ ಹೋಯಿತೆಂದರೆ ಸಿಂದಗಿಯ ಆ ಮೂಲೆಯೇ ಗತಿ. ಆಕೆಯನ್ನು ಕರೆದವನು ನಾನೆಂದು ಹೇಳಲು ನನಗೆ ಬಾಯಿತ್ತು. ಬಾಯಿ ಬಿಡಲಿಲ್ಲ.

ಮರುದಿನ ಹನ್ನೊಂದಕ್ಕೆ ಸಮುದ್ರದ ದೊಡ್ಡ ಭರತಿ. ಅದು ತಪ್ಪಿದರೆ ಅಷ್ಟು ನೀರು ಮತ್ತೆ ಬರಲು ಹದಿನೈದು ದಿನ ಕಾಯಬೇಕು. ಏಳು ಗಂಟೆಯಾದರೂ ಮಾನಪ್ಪನ ಗುಂಪು ಸುತ್ತಿಗೆ ಕೆಳಗಿಟ್ಟು ಕೂತಿತ್ತು. ಗುತ್ತಿಗೆದಾರ ಬೈದ, ಕೈಮುಗಿದ, ಮತ್ತೆ ಬೈದ. ಅಷ್ಟರಲ್ಲಿ ಬಾಳಮ್ಮ ಗೇಟಿಗೆ ಬಂದಳು. ಪಾಸು ಕೇಳಬೇಕಾದ ನಾನು ಆ ಕಡೆ ಮುಖ ತಿರುಗಿಸಿದೆ. ನನ್ನ ಧೈರ್ಯ ಅಷ್ಟೇ.

ಆಕೆ ನೆಟ್ಟಗೆ ಹೋಗಿ ಹಡಗಿನಡಿ ನುಸುಳಿ ನಟ್ಟನಡುವಿನ ದಿಮ್ಮಿಯ ಪಕ್ಕ ಕೂತಳು.

"ಕಡೀ ಬೆಣಿ ಬೀಳೂತನಕ ನಾ ಏಳೂದಿಲ್ಲ. ಬಿದ್ರ ಮೊದಲ ನನ್ನ ಮ್ಯಾಲ ಬೀಳ್ತೈತಿ. ಬರ್ರಿ, ಹೊಡೀರಿ."

ಮಾನಪ್ಪ ಸುತ್ತಿಗೆ ಎತ್ತಿಕೊಂಡ. ಒಬ್ಬಳು ಹೆಂಗಸು ಒಳಗೆ ಕೂತಿರುವಾಗ ಹೊರಗೆ ಕೂರುವುದು ಆ ಗಂಡಸರಿಗೆ ಸಾವಿಗಿಂತ ಕಷ್ಟವಾಗಿರಬೇಕು. ಮೂರು ತಾಸು ಹೊಡೆದರು. ನಡುವೆ ಒಮ್ಮೆ ಭಾರವೆಲ್ಲ ಹಳಿಗಳ ಮೇಲೆ ಕೂರುವಾಗ ಮರ ನರಳಿತು, ಹನ್ನೆರಡು ಜನವೂ ಹೊರಗೆ ಹಾರಿದರು. ಆಕೆ ಕದಲಲಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡದೆ ವಾಪಸು ಒಳಗೆ ಹೋದರು. ಹತ್ತೂವರೆಗೆ ಕೊನೆಯ ಬೆಣೆ ಬಿತ್ತು. ಬಾಳಮ್ಮ ಮೊಣಕಾಲು ಹಿಡಿದುಕೊಂಡು ಹೊರಬಂದು, ಕೂಲಿಗಳನ್ನು ತಡೆಯಲು ಕಟ್ಟಿದ ಹಗ್ಗದ ಹಿಂದೆ ನಿಂತಳು.

ಅಮ್ಮನವರು ರೇಷ್ಮೆ ಸೀರೆಯಲ್ಲಿ ಬಂದರು. ಮಂತ್ರ ಮುಗಿಯಿತು. ಹತ್ತು ಹೆಜ್ಜೆ ನಡೆದು ಕಾಯಿ ಎತ್ತಿ ಬೀಸಿದರು. ಅದು ಮೂತಿಗೆ ಬಡಿದು ಪುಟಿದು, ವೇದಿಕೆಯಿಂದ ಉರುಳಿ ಕೆಳಗೆ ಬಿತ್ತು; ಬಿರುಕೂ ಬಿಡಲಿಲ್ಲ. ಕೈ ಬೀಸಿದ್ದನ್ನು ಕಂಡವರು ಅಷ್ಟರಲ್ಲಿ ಹಡಗನ್ನು ಹಳಿಗಳ ಮೇಲೆ ತಡೆದಿದ್ದ ಕೊನೆಯ ಹಿಡಿತವನ್ನು ಬಿಡಿಸಿಬಿಟ್ಟಿದ್ದರು. ಹಡಗು ಹೊರಟಿತು. ಬ್ಯಾಂಡು ತಡವರಿಸಿತು. ಗ್ರೀಸಿನಿಂದ ಹೊಗೆಯೇಳುತ್ತಿರಲು ಅದು ಜುವಾರಿಗೆ ಜಾರಿ, ಒಮ್ಮೆ ಓಲಾಡಿ, ನೆಟ್ಟಗೆ ನಿಂತಿತು. ಆದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕಣ್ಣೂ ಕೆಳಗೆ ಬಿದ್ದ ಆ ಇಡೀ ಕಾಯಿಯ ಮೇಲೆ.

"ಕಾಯಿ ನಿನ್ನೇನ ಆಗೇತ್ರಿ!" ಎಂದು ಮಾನಪ್ಪ ಕೂಗಿದ. "ನಮ್ಮ ಬಾಳಮ್ಮ ಒಡದಾಳ!"

ನಮ್ಮ ಕಡೆಯವರು ಹೋ ಎಂದು ಚಪ್ಪಾಳೆ ತಟ್ಟಿದರು. ಕನ್ನಡ ಬಾರದವರೂ ಸಂಕಟ ಕಳೆದರೆ ಸಾಕೆಂದು ತಟ್ಟಿದರು.

ಸಂಜೆ ಮಾನಪ್ಪ ತನ್ನ ಜನರೊಂದಿಗೆ ಸಡಾ ಗುಡ್ಡ ಹತ್ತಿದ, ನನ್ನನ್ನೂ ಕರೆದ. ಬಾಳಮ್ಮ ಇಲ್ಲದಿದ್ದರೆ ಮುಂದಿನ ಹಡಗಿನ ಬೆಣೆ ಮುಟ್ಟುವುದಿಲ್ಲವೆಂದು ಗುತ್ತಿಗೆದಾರನಿಗೆ ಹೇಳಿ ಪಾಸು ಬಿಡಿಸಿಕೊಂಡು ಬಂದಿದ್ದ. ಆಕೆ ಬಾಗಿಲಲ್ಲಿ ಕೂತು ಚಿಮಣಿ ಎಣ್ಣೆಯಿಂದ ಕೈ ಉಜ್ಜಿಕೊಳ್ಳುತ್ತಿದ್ದಳು.

"ನಿನ್ನ ಕೈಗುಣ ಭಾಳ ಚಲೋ ಐತಿ ನಮ್ಮವ್ವಾ" ಎಂದ ಮಾನಪ್ಪ. "ಇನ್ನ ಮುಂದ ಎಲ್ಲಾ ಹಡಗಿಗೂ ಮೊದಲನೇ ಕಾಯಿ ನಿಂದ."

ಬಾಳಮ್ಮ ಕೈ ಒರೆಸಿಕೊಂಡು ಪಾಸು ಇಸಿದುಕೊಂಡಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ನಾಳಿ ಕೆಲಸಕ್ಕ ಬರ್ತೀನಿ. ಕಾಯಿ ಬ್ಯಾಡ" ಎಂದಳು. "ನಿನ್ನಿ ಅಪಶಕುನ ಅಂದ್ರಿ, ಇವತ್ತ ಕೈಗುಣ ಅಂತೀರಿ. ಮುಂಜಾನಿ ಮೂರು ತಾಸು ಆ ಹಡಗಿನ ಕೆಳಗ ಕುಂತಿದ್ನಲ್ಲ, 'ಬಾಳಮ್ಮ, ಎದ್ದು ಹೊರಗ ಬಾ, ನಿನಗೇನರ ಆದೀತು' ಅಂತ ಒಬ್ಬರಾದ್ರೂ ಅಂದ್ರೇನು?"

ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ.