ಹೋಗ್ತೀನಿ ಅನ್ನಲಾರದ ಬಾಯಿ

ಕೊರೋನಾ ಕಾಲ ಮುಗಿದು ಜನ ಮುಖಗವಸು ಕಳಚಿ ಓಡಾಡತೊಡಗಿದ್ದ ವರ್ಷ. ಚೆನ್ನೈನ ಎಗ್ಮೋರಿನಲ್ಲಿದ್ದ ಒಂದು ವರ್ಚುವಲ್ ರಿಯಾಲಿಟಿ ಸ್ಟುಡಿಯೋದಲ್ಲಿ ನಾನು ಪರೀಕ್ಷಾ ಮೇಲ್ವಿಚಾರಕಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡವರಿಗೆ ಹೊರಗಿನದೇನೂ ಕಾಣುವುದಿಲ್ಲ, ಅವರು ಎಡವಿ ಬೀಳದಂತೆ ಪಕ್ಕದಲ್ಲಿ ನಿಂತು ಕಾಯುವುದು.

ನಮ್ಮ ನಿರ್ದೇಶಕ ಪ್ರಭಾಕರನ್ ಆಗ ಕಾಲಚಕ್ರದ ಮೇಲೊಂದು ಕಥೆ ಕಟ್ಟಿದ್ದರು. ನೋಡುವವರು ಒಂದು ಮನೆಯೊಳಗೆ ನಿಂತಿರುತ್ತಾರೆ. ತೊಟ್ಟಿಲಲ್ಲಿದ್ದ ಮಗು ಕಣ್ಣೆದುರೇ ಬೆಳೆದು, ಮದುವೆಯಾಗಿ, ಮುದುಕನಾಗಿ ಮಂಚದ ಮೇಲೆ ಸಾಯುತ್ತದೆ. ಅದೇ ಗಳಿಗೆಯಲ್ಲಿ ತೊಟ್ಟಿಲಲ್ಲಿ ಇನ್ನೊಂದು ಮಗು ಅಳುತ್ತದೆ. ಆಗ ನೋಡುವವರು ಬಾಯಿಬಿಟ್ಟು ಹೇಳಬೇಕು. ‘ಬರ್ತೀನಿ’ ಎಂದರೆ ಎಲ್ಲವೂ ಮತ್ತೆ ಮೊದಲಿನಿಂದ ಶುರು. ‘ಹೋಗ್ತೀನಿ’ ಎಂದರೆ ಬಾಗಿಲು ತೆರೆದು ಕಥೆ ಮುಗಿಯುತ್ತದೆ. ಇದಕ್ಕೆ ವಾಯ್ಸ್ ಕಮಾಂಡ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಂದದ್ದು. ಇಂಗ್ಲಿಷಿನಲ್ಲಿ ಯಾರಿಗೂ ತೊಂದರೆಯಾಗಿರಲಿಲ್ಲ.

ಕನ್ನಡದ ಮೊದಲ ಪರೀಕ್ಷೆಗೆ ಬಂದವರು ಇಂದಿರಮ್ಮ. ತಲೆಮಾರುಗಳಿಂದ ಮದ್ರಾಸಿನವರೇ ಆದ ಮಾಧ್ವರ ಮನೆಯವರು, ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು. ಹೆಡ್‌ಸೆಟ್ ನೋಡಿ, "ಇದೇನಮ್ಮ, ಕುದುರೆ ಕಣ್ಣಿಗೆ ಕಟ್ಟೋ ಪಟ್ಟಿ ಮಾದಿರಿ ಇದೆ" ಎಂದು ನಮ್ಮನ್ನೆಲ್ಲ ನಗಿಸಿದರು. ಅವರ ಯಜಮಾನರಿಗೆ ಹೃದಯದ ಆಪರೇಷನ್ ಆಗಿ ಈಚೆಗಷ್ಟೇ ಮನೆಗೆ ಕರೆತಂದಿದ್ದರಂತೆ. ಮಾಧವರಂನ ಮನೆಯಲ್ಲಿ ಅವರ ಜೊತೆಗೆ ಮಗಳನ್ನು ಕೂರಿಸಿ ಬಂದಿದ್ದರು.

ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಮುದುಕ ಸತ್ತ, ಮಗು ಅತ್ತಿತು. ಇಂದಿರಮ್ಮ ಗಟ್ಟಿಯಾಗಿ, "ಸರಿ, ಹೋಗಿ ಬರ್ತೀನಿ" ಎಂದರು. ಯಂತ್ರ ‘ಬರ್ತೀನಿ’ಯನ್ನಷ್ಟೇ ಹಿಡಿಯಿತು. ಎರಡನೆಯ ಸುತ್ತಿನಲ್ಲೂ ಅದೇ ಮಾತು. ಖುಷಿಯಾಗಿ ನೋಡುತ್ತಿದ್ದಾರೆಂದು ನಾವು ಸುಮ್ಮನಿದ್ದೆವು. ಆಮೇಲೆ ಅವರು ನನ್ನ ತೋಳನ್ನು ತಡಕಿ ಹಿಡಿದುಕೊಂಡರು.

"ನಾ ಬರ್ತೀನಿ ಅಂದಾಗೆಲ್ಲ ಇವರು ಸಾಯ್ತಾರಲ್ಲಮ್ಮ!"

ಆ ಮಾತೇ ಚಕ್ರವನ್ನು ಇನ್ನೊಮ್ಮೆ ತಿರುಗಿಸಿತು. ‘ಇವರು’ ಎಂದಿದ್ದರು, ‘ಇವನು’ ಎಂದಲ್ಲ. ಮಂಚದ ಮೇಲೆ ಅವರು ಯಾರನ್ನು ಕಾಣುತ್ತಿದ್ದಾರೆಂದು ಗೊತ್ತಾಗಿಹೋಯಿತು.

ಪ್ರಭಾಕರನ್ ತಕ್ಷಣ ಹೆಡ್‌ಸೆಟ್ಟಿನ ಪರದೆ ಆರಿಸಿದರು. ಅದು ಇನ್ನೂ ಕೆಟ್ಟದಾಯಿತು. ಕತ್ತಲಾದದ್ದೇ ಇಂದಿರಮ್ಮ ಕಿಟಾರನೆ ಕಿರುಚಿ ತೂರಾಡಿದರು. ನಾನು ಹಿಡಿದುಕೊಂಡೆ. ಹೆಡ್‌ಸೆಟ್ ತೆಗೆಯಹೋದರೆ ಎರಡೂ ಕೈಯಿಂದ ಬಿಗಿಯಾಗಿ ಅವುಚಿಕೊಂಡು, "ದೀಪ ಆರಿಸ್ಬೇಡಿ, ಅವರು ಒಳಗಿದಾರೆ!" ಎಂದರು. ವಿಧಿಯಿಲ್ಲದೆ ಮತ್ತೆ ಹಾಕಿದೆವು. ಅವರ ತುಟಿ ಬಿಳಿಚಿಕೊಂಡಿತ್ತು, ಉಸಿರು ಮೇಲಕ್ಕೇ ಸಿಕ್ಕಿಕೊಂಡಿತ್ತು. ಈಕೆ ಇಲ್ಲೇ ನನ್ನ ಕೈಯಲ್ಲೇ ಹೋಗಿಬಿಟ್ಟರೆ ಎಂದು ಹೆದರಿದೆ.

ಕಿವಿಯ ಹತ್ತಿರ ಕೂಗಿದೆ. "ಅಮ್ಮಾ, ಹೋಗ್ತೀನಿ ಅನ್ನಿ! ಬಾಗಿಲು ತೆಗೆಯುತ್ತೆ!"

"ಅದನ್ನ ಬಾಯಲ್ಲಿ ಅನ್ಬಾರ್ದು! ಅವರು ಹೀಗೆ ಮಲಗಿರೋವಾಗ ಹೆಂಗೆ ಅನ್ಲಿ? ಏನೂಂದ್ರೆ, ಹೋಗಿ ಬರ್ತೀನಿ, ಹೋಗಿ ಬರ್ತೀನಿ..."

ತೊಟ್ಟಿಲು ಮತ್ತೆ ತೂಗತೊಡಗಿತು.

"ನೀಂಗಳೇ ಸೊಲ್ಲುಂಗ ಮೇಡಂ!" ಎಂದು ಪ್ರಭಾಕರನ್ ಕಂಪ್ಯೂಟರಿನ ಬಳಿಯಿಂದಲೇ ಕೂಗಿದರು, ನೀವೇ ಹೇಳಿಬಿಡಿ ಎಂದು. ಬಾಗಿಲು ತೆರೆಯಲು ಹೊರಗೆ ಬೇರೆ ಗುಂಡಿ ಇರಲಿಲ್ಲ. ಯಾರ ದನಿಯಾದರೂ ಸಾಕು, ಅವರ ಬಾಯಿಯ ಬಳಿಯ ಮೈಕಿಗೆ ಕೇಳಬೇಕು, ಅಷ್ಟೆ.

ಬಗ್ಗಿ ಮೈಕಿಗೆ ಬಾಯಿಟ್ಟೆ. ಇನ್ನೊಬ್ಬರಿಗೆ ಸಲೀಸಾಗಿ ಹೇಳಿಕೊಟ್ಟ ಮಾತು ನನ್ನ ಗಂಟಲಿನಿಂದ ಹೊರಡಲೇ ಇಲ್ಲ. ನಮ್ಮ ಮನೆಯಲ್ಲೂ ಹೊಸಿಲಲ್ಲಿ ನಿಂತು ಯಾರೂ ಹಾಗೆನ್ನುವುದಿಲ್ಲ. ಬೆಳಿಗ್ಗೆ ನನ್ನ ಗಂಡ ಬೈಕಿನಲ್ಲಿ ಎಣ್ಣೂರಿನ ಬಂದರಿಗೆ ಹೋಗಿದ್ದರು. ಕಂಟೇನರ್ ಲಾರಿಗಳ ಆ ರಸ್ತೆ ಕಣ್ಣಮುಂದೆ ಬಂತು. ಇಷ್ಟು ವರ್ಷ ಯಂತ್ರಗಳ ನಡುವೆ ದುಡಿದವಳು, ಒಂದು ಮಾತಿಗೆ ಹೆದರಿ ಬೆವರುತ್ತಿದ್ದೆ. ಅಷ್ಟರಲ್ಲಿ ಇಂದಿರಮ್ಮ ನನ್ನ ಮೇಲೇ ಕುಸಿದರು. ಕಣ್ಣು ಮುಚ್ಚಿ ಅಂದುಬಿಟ್ಟೆ:

"ಹೋಗ್ತೀನಿ."

ಬಾಗಿಲು ತೆರೆಯಿತು. ಅವರ ಕೈ ಸಡಿಲವಾಯಿತು. ಹೆಡ್‌ಸೆಟ್ ಕಳಚಿ, ನೆಲದ ಮೇಲೆ ಕೂರಿಸಿ ನೀರು ಕುಡಿಸಿದೆವು. ತುಸು ಹೊತ್ತಿನ ಮೇಲೆ ಅವರು ನನ್ನ ಮುಖ ನೋಡಿದರು.

"ಹಾಗಂದದ್ದು ಯಾರು?"

"ನಾನೇ ಅಮ್ಮ."

"ನಿಮ್ಮನೆಯವರು ಎಲ್ಲಿದಾರೆ?"

"ಎಣ್ಣೂರಿಗೆ ಹೋಗಿದಾರೆ."

ಅವರು ನನ್ನ ಮಣಿಕಟ್ಟು ಹಿಡಿದರು. "ಫೋನ್ ಮಾಡು ಮೊದ್ಲು."

ಮೊದಲ ಸಲ ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. "ಏನೇ, ಗಾಡಿ ಓಡಿಸ್ತಿದ್ದೆ" ಎಂದ ದನಿ ಕೇಳಿದಾಗ ನಾನು ಅತ್ತುಬಿಟ್ಟೆ. ಇಂದಿರಮ್ಮ ಫೋನ್ ಕಸಿದುಕೊಂಡು, "ಏನೂ ಇಲ್ಲಪ್ಪ, ಚೆನ್ನಾಗಿದಾಳೆ. ನಿಧಾನಕ್ಕೆ ಓಡ್ಸು" ಎಂದರು. ಅದಾದ ಮೇಲೆಯೇ ತಮ್ಮ ಮನೆಗೆ ಫೋನ್ ಮಾಡಿದ್ದು.

ಹೊರಬರುವ ಮಾತನ್ನು ನಾವು ‘ಸಾಕು’ ಎಂದು ಬದಲಾಯಿಸಿದೆವು. ಕಥೆಯೊಳಗೆ ಜನರನ್ನು ಎಷ್ಟು ದೂರವಾದರೂ ಕರೆದೊಯ್ಯಬಹುದು. ಆದರೆ ಹೊರಬರುವ ಮಾತು, ಹೆದರಿ ನಡುಗುವಾಗಲೂ ಅವರ ಬಾಯಿಗೆ ಬರುವಂಥದ್ದಾಗಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ, ಅದೂ ನನ್ನನ್ನೇ ಹೆದರಿಸಿ.