ಲೂರ್ದಮ್ಮ ತೊಳೆದ ಕೈ

ನನ್ನ ಸೋದರತ್ತೆ ಲೂರ್ದಮ್ಮನ ಕೈಗಳು ಜುಲೈನಿಂದ ಸೆಪ್ಟೆಂಬರಿನವರೆಗೆ ಕಪ್ಪಗೇ ಇರುತ್ತಿದ್ದವು. ಹುಣಸೂರಿನ ಕಡೆ ಹೊಗೆಸೊಪ್ಪು ಮುರಿಯುವವರಿಗೆಲ್ಲ ಹಾಗೇ. ಸೊಪ್ಪಿನ ಅಂಟು ಸೋಪಿಗೆ ಬಿಡುವುದಿಲ್ಲ. ತುತ್ತು ಕಹಿಯಾಗುತ್ತದೆಂದು ಅತ್ತೆ ಚಮಚದಲ್ಲಿ ಉಣ್ಣುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಗಂಗಾಧರಪ್ಪನವರ ಹೊಲದಲ್ಲಿ ದುಡಿದಳು. ಚರ್ಚಿನ ಭಾನುವಾರದ ಪೂಜೆಯನ್ನು ಮಾತ್ರ ಒಂದು ವಾರವೂ ಬಿಟ್ಟವಳಲ್ಲ.

ಪೂಜೆಯಲ್ಲಿ ಕೊಡುವ ಪರಮಪ್ರಸಾದ, ಆ ತೆಳ್ಳನೆಯ ಬಿಳಿ ಅಪ್ಪ, ನಮಗೆ ಯೇಸುವಿನ ಶರೀರವೇ. ಅತ್ತೆ ಅದನ್ನು ಮಂಡಿಯೂರಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಪಡೆಯುತ್ತಿದ್ದಳು. ಕೊರೊನಾ ಬಂದಾಗ ಕೈಗೆ ಕೊಡುವ ಪದ್ಧತಿ ಶುರುವಾಯಿತು. ಕೊರೊನಾ ಹೋಯಿತು, ಪದ್ಧತಿ ಉಳಿಯಿತು. ನಮ್ಮ ಫಾದರ್ ತಾಯಿಯನ್ನು ಆ ಕಾಯಿಲೆಯಲ್ಲಿ ಕಳೆದುಕೊಂಡವರು. ನಾಲಿಗೆಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ; ಅತ್ತೆಯಂಥ ಹಿರಿಯರು ಕೆಲವರಿಗೆ ಮಾತ್ರ ಒಲ್ಲದೆಯೇ ಕೊಡುತ್ತಿದ್ದರು.

ಹೋದ ಜುಲೈನಲ್ಲಿ ಚರ್ಚಿನ ಸಮಿತಿಯಲ್ಲಿ ಇದೇ ವಾದ ನಡೆಯಿತು.

"ನಮ್ ತಾತ ಮುತ್ತಾತ್ರೆಲ್ಲ ನಾಲ್ಗೆ ಮೇಲೇ ತಗೊಂಡು ಸ್ವರ್ಗಕ್ಕೆ ಓದ್ರು," ಎಂದು ಹಿರಿಯ ಚೌರಪ್ಪ ಬೆಂಚು ಗುದ್ದಿದ. "ಕೈ ಚಾಚಾಕೆ ಇದೇನ್ ಕಡ್ಲೆಪುರಿನಾ?"

"ಕೊನೆ ಊಟದ ದಿನ ಯೇಸು ರೊಟ್ಟಿ ಮುರಿದು ಶಿಷ್ಯರ ಬಾಯಿಗೆ ತುರುಕಿದರಾ ಚೌರಪ್ಪನೋರೆ?" ಎಂದರು ಫಾದರ್. ಹುಡುಗರು ನಕ್ಕರು. ನಾನೂ ನಕ್ಕೆ. ಬಿ.ಎ. ಓದಿದವನೆಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. 'ಪ್ರಸಾದ ಕೈಯಲ್ಲಿ ಮಾತ್ರ' ಎಂದು ಬರೆದು ಭಾನುವಾರ ಓದಿದವನು ನಾನೇ.

ಅಂದು ಅತ್ತೆ ಪ್ರಸಾದಕ್ಕೆ ಎದ್ದು ಹೋಗಲಿಲ್ಲ. ಮುಂದಿನ ಎರಡು ವಾರವೂ ಹೋಗಲಿಲ್ಲ. ಯಾಕೆಂದು ಕೇಳಿದೆ.

"ನಿಮ್ ವಾದ ನಂಗೊತ್ತಿಲ್ಲ ಕಣ್ ಮಗ," ಎಂದಳು. "ಈ ಕೈಲಿ ನಾನೇ ಒಂದ್ ತುತ್ತು ಉಣ್ಣಾಕಿಲ್ಲ. ಯೇಸುನ ಎಂಗ್ ಇಡ್ಕಳ್ಳಿ?"

"ಚೆನ್ನಾಗಿ ತೊಳ್ಕೊಂಡು ಬಾ ಅತ್ತೆ, ಅಷ್ಟೇ," ಎಂದೆ. ಮೀಟಿಂಗಿನ ವರದಿ ಬರೆಯುವ ಅವಸರ ನನಗೆ.

ಆಗಸ್ಟ್ ಹದಿನೈದು ಯೇಸುವಿನ ಮಾತೆಯ ಸ್ವರ್ಗಾರೋಹಣದ ಹಬ್ಬ. ಹಿಂದಿನ ದಿನ ಅತ್ತೆ ಹುಣಸೆಹಣ್ಣು ತಿಕ್ಕಿದಳು, ಸೀಮೆಎಣ್ಣೆ ತಿಕ್ಕಿದಳು. ಕಪ್ಪು ಹೋಗದಿದ್ದಾಗ ಬಚ್ಚಲು ತೊಳೆಯುವ ಆಸಿಡ್ ಸುರಿದುಕೊಂಡಳು. ಹಬ್ಬದ ಪೂಜೆಯಲ್ಲಿ ಸಾಲಿನಲ್ಲಿ ನಿಂತು ಎರಡೂ ಅಂಗೈ ಚಾಚಿದಳು. ಕೆಂಪಗೆ, ತೊಗಲು ಸುಲಿದ ಕೈಗಳು. ಫಾದರ್ ಒಂದು ಕ್ಷಣ ತಡೆದು ಅಪ್ಪವನ್ನಿಟ್ಟರು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಕೈ ನೋಡಿಯೂ ಏನೂ ಕೇಳಲಿಲ್ಲ.

ಮರುದಿನ ಅವಳು ಸೊಪ್ಪು ಮುರಿಯಲು ಹೋದಳು. ಸುಲಿದ ಕೈಗೆ ಅಂಟು ಇಳಿಯಿತು. ಮೊದಲೇ ಸಕ್ಕರೆ ಕಾಯಿಲೆ. ತಿಂಗಳ ಕೊನೆಗೆ ಬಲಗೈ ಬಾತು ನಾರತೊಡಗಿತು. ಮೈಸೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ತೆಗೆದರು.

ಫಾದರ್ ಪ್ರಸಾದ ತಂದರು. ಎಡಗೈಗೆ ಡ್ರಿಪ್ ಹಾಕಿತ್ತು. ಅತ್ತೆ ಬ್ಯಾಂಡೇಜು ಸುತ್ತಿದ ಮೊಂಡುಗೈಯನ್ನೇ ಎತ್ತಲು ನೋಡಿದಳು.

"ಬೇಡಮ್ಮ, ಬಾಯಿ ತೆಗೀರಿ," ಎಂದರು. ಅಪ್ಪವನ್ನು ಅವಳ ತುಟಿಯ ಬಳಿ ಹಿಡಿದರು.

"ನಾಲ್ಗೆಗೆ ಅಪ್ಪಣೆ ಅದಾ ಸ್ವಾಮಿ?" ಎಂದು ಕೇಳಿದಳು.

ಮುಂದಿನ ಭಾನುವಾರ ಫಾದರ್ ಹೇಳಿ ಬರೆಸಿದ ಹೊಸ ಚೀಟಿ ಓದಿದೆ: ಕೈಗಾಗಲಿ, ನಾಲಿಗೆಗಾಗಲಿ, ಅವರವರ ಇಷ್ಟ. ಗೆದ್ದೆವೆಂದು ಚೌರಪ್ಪ ಮೀಸೆ ನೀವಿಕೊಂಡ.

ಅಕ್ಟೋಬರಿನಲ್ಲಿ ಅತ್ತೆ ಪೂಜೆಗೆ ಬಂದಳು. ಮೊದಲಿನಂತೆ ಮಂಡಿಯೂರಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಪಡೆದಳು. ಏಳಲೆಂದು ಪೀಠದ ಮುಂದಿನ ಕಟಕಟೆಗೆ ಬಲಗೈ ಚಾಚಿದಳು. ಹಿಡಿಯಲು ಬೆರಳಿಲ್ಲ, ಮುಗ್ಗರಿಸಿದಳು. ನಾನು ಓಡಿಹೋಗಿ ಎತ್ತಿದೆ. ಈಗ ಪ್ರತಿ ಭಾನುವಾರ ಎತ್ತುತ್ತೇನೆ.